ಮಂಡಿಯ ಮೇಲೆ ಕಿತ್ತಳೆ ತೇಪೆ

ಬೆವರಿನಿಂದಲೂ ಚಳಿ ಹುಟ್ಟುತ್ತದೆ ಎನ್ನುವುದು ಶರ್ಮಿಳಾಳಿಗೆ ಗೊತ್ತಾದದ್ದು ಆ ನವೆಂಬರಿನಲ್ಲಿ. ನದಿಯೊಳಗೆ ನಿಂತು ಗಾಳ ಎಸೆಯುವವರು ಪಾದದಿಂದ ಎದೆಯವರೆಗೂ ಒಂದೇ ತುಂಡಾಗಿ ಏರುವ, ಹೆಗಲಿಗೆ ಪಟ್ಟಿಯಿರುವ ಉಡುಪೊಂದನ್ನು ತೊಡುತ್ತಾರೆ. ಅದಕ್ಕೆ ವೇಡರ್ಸ್ ಎಂದು ಹೆಸರು. ಆಫೀಸಿನ ಗೆಳೆಯ ಕರಿಯಪ್ಪ ತನ್ನ ಹೆಂಡತಿಯ ಹಳೆಯ ಜೋಡಿಯನ್ನು ಅವಳಿಗೆ ಕೊಟ್ಟಿದ್ದ. ರಬ್ಬರಿನಂಥ ದಪ್ಪ ಬಟ್ಟೆ. ಕಾರು ನಿಲ್ಲಿಸಿದಲ್ಲಿಂದ ಹೊಲ ದಾಟಿ ಹಾಲೆಂಡಿನ ಮಾಸ್ ನದಿಗೆ ನಡೆಯುವಷ್ಟರಲ್ಲೇ ಅವಳು ಒಳಗೊಳಗೆ ಮಿಂದು ಹೋಗಿದ್ದಳು. ನೀರಿಗಿಳಿದು ಸ್ವಲ್ಪ ಹೊತ್ತಿಗೆ ಆ ಬೆವರೆಲ್ಲ ಹಿಮದಂತೆ ಬೆನ್ನಿಗೆ ಅಂಟಿ, ಹಲ್ಲು ಕಟಕಟ ಎನ್ನತೊಡಗಿತು.

"ಇದು ನಿನಗೆ ಆಗಲ್ಲ," ಎಂದ ಕರಿಯಪ್ಪ, ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತ. "ಬ್ರೀದಬಲ್ ತಗೋ. ನೀರು ಒಳಗೆ ಬರಲ್ಲ, ಬೆವರು ಮಾತ್ರ ಆವಿಯಾಗಿ ಹೊರಗೆ ಹೋಗುತ್ತೆ. ಬಟ್ಟೆ ತೆಳ್ಳಗಿರುತ್ತೆ ಅಂತ ಹೆದರ್ಬೇಡ. ಒಳಗಡೆ ಉಲ್ಲನ್ ಒಂದು, ಫ್ಲೀಸ್ ಒಂದು ಹಾಕ್ಕೊಂಡ್ರೆ ಆಯ್ತು. ಬೆಚ್ಚಗಿಡೋದು ಅವುಗಳ ಕೆಲಸ, ವೇಡರ್ಸ್‌ದಲ್ಲ."

"ಅಂಗಡಿಯಲ್ಲಿ ನೋಡಿದೆ ಮಾರಾಯ್ರೆ. ಒಳ್ಳೇದರ ರೇಟಲ್ಲಿ ಊರಿಗೆ ಹೋಗಿ ಬರ್ಬಹುದು. ಕಮ್ಮಿಯದ್ದೆಲ್ಲ ಡಚ್ ಗಂಡಸರ ಅಳತೆ. ನಾನೂ ನನ್ನ ಗಂಡನೂ ಒಟ್ಟಿಗೆ ಒಂದರೊಳಗೆ ಇಳಿಬಹುದು."

"ಹಾಗಾದ್ರೆ ಸೆಕೆಂಡ್ ಹ್ಯಾಂಡ್ ಹುಡುಕು. ಒಳಗಡೆ ಹೊಲಿಗೆ ಮೇಲಿನ ಟೇಪು ಎದ್ದಿದೆಯಾ ನೋಡು. ಮಂಡಿ ನೋಡು. ಸೊಂಟಕ್ಕೆ ಬೆಲ್ಟ್ ಇರ್ಲೇಬೇಕು. ಬಿದ್ರೆ ಮೇಲಿಂದ ನೀರು ನುಗ್ಗಿ ಕಾಲಿಗೆ ಕಲ್ಲು ಕಟ್ಟಿದ ಹಾಗಾಗುತ್ತೆ."

ಇಷ್ಟೆಲ್ಲ ಉಪದೇಶ ಮಾಡಿದವನು ತಾನು ಮಾತ್ರ ಬೆಲ್ಟ್ ಕಟ್ಟುತ್ತಿರಲಿಲ್ಲ. ಪ್ಯಾಂಟಿಗೆ ಒಂದು ಕಟ್ಟುವಷ್ಟರಲ್ಲೇ ಸಾಕಾಗುತ್ತದೆ ಎಂದು ಹೊಟ್ಟೆ ಸವರಿಕೊಂಡು ನಗುತ್ತಿದ್ದ. ಅವನು ವಿರಾಜಪೇಟೆಯ ಕಡೆಯ ಕೊಡವ. ಕಾವೇರಿಯಲ್ಲಿ ಅಪ್ಪನ ಜೊತೆ ಮೀನು ಹಿಡಿದು ಬೆಳೆದವನು. ಐಂಧೋವನ್‌ನ ಆಫೀಸಿನಲ್ಲಿ ಶರ್ಮಿಳಾಳಿಗಿಂತ ಹತ್ತು ವರ್ಷ ಹಿರಿಯ. ಅವಳು ಉಡುಪಿಯ ಪಕ್ಕ ಉದ್ಯಾವರದ ಹೊಳೆಬದಿಯವಳು. ಚಿಕ್ಕವಳಿದ್ದಾಗ ಮಾವನ ಪಕ್ಕ ಕೂತು ಬಿದಿರ ಕೋಲಿನಲ್ಲಿ ಗಾಳ ಹಾಕಿದವಳು. ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಮೀನಿನ ಮಾತು ಬಂದು ಇಬ್ಬರ ಗೆಳೆತನ ಕುದುರಿತ್ತು. ಗಂಡ ಶ್ರೀಜಿತ್‌ಗೆ ಮೀನು ತಟ್ಟೆಯಲ್ಲಿದ್ದರೆ ಮಾತ್ರ ಆಸಕ್ತಿ. ಹಿಡಿದು ಮತ್ತೆ ನೀರಿಗೇ ಬಿಡುತ್ತಾರೆ ಎಂದು ತಿಳಿದ ಮೇಲೆ ಅವನು ಶನಿವಾರಗಳಂದು ಐಂಧೋವನ್ ಪಕ್ಕದ ಬೆಸ್ಟ್ ಊರಿನ ಮನೆಯಲ್ಲೇ ಉಳಿದ.

ಹಳೆ ಸಾಮಾನು ಮಾರುವ ವೆಬ್‌ಸೈಟಿನಲ್ಲಿ ಶರ್ಮಿಳಾ ವಾರಗಟ್ಟಲೆ ಹುಡುಕಿದಳು. ಒಂದರ ಟೇಪು ಎದ್ದಿತ್ತು, ಇನ್ನೊಂದರ ಪಾದ ದೋಣಿಯಷ್ಟಿತ್ತು. ಕೊನೆಗೊಂದು ಸಿಕ್ಕಿತು. ಹೆಂಗಸರ ಸಣ್ಣ ಅಳತೆ, ಬ್ರೀದಬಲ್, ಪಾಚಿ ಹಸಿರು, ಜೊತೆಗೆ ಅದೇ ಅಳತೆಯ ಬೂಟು. "ಬಹಳ ಕಡಿಮೆ ಬಳಸಿದ್ದು" ಎಂದು ಬರೆದಿತ್ತು. ಮಾರುವವರ ಊರು ಲಿಂಬುರ್ಗ್ ಪ್ರಾಂತ್ಯದಲ್ಲಿ ಮಾಸ್ ನದಿಯ ದಡದಲ್ಲೇ ಇತ್ತು. ಎದುರು ದಡ ಬೆಲ್ಜಿಯಂ. ಅವಳೂ ಕರಿಯಪ್ಪನೂ ಗಾಳ ಹಾಕಲು ಹೋಗುತ್ತಿದ್ದದ್ದು ಆ ಊರಿನ ಹೊಲದಾಚೆಗೇ.

ಇಟ್ಟಿಗೆಯ ಪುಟ್ಟ ಮನೆ. ಬೆಲ್ ಒತ್ತಿದಾಗ ಬಾಗಿಲು ತೆಗೆದವಳು ಅರವತ್ತೈದರ ಆಸುಪಾಸಿನ, ಬೆಳ್ಳಿ ಕೂದಲಿನ ಹೆಂಗಸು. ಹೆಸರು ಟ್ರೂಡಿ. ಶರ್ಮಿಳಾಳ ಮುಖ ನೋಡಿದ್ದೇ ಆಕೆ ಒಂದು ಹೆಜ್ಜೆ ಹಿಂದೆ ಸರಿದಳು. ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು.

"ನೀನು ಈ ಊರಿಗೆ ಮೊದಲು ಬಂದಿದ್ದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನದಿಗೆ ಬಂದಿದ್ದೇನೆ. ಈ ವರ್ಷ, ಎರಡು ಮೂರು ಸಲ."

"ಅದಕ್ಕೂ ಹಿಂದೆ? ಆರು ವರ್ಷದ ಹಿಂದೆ?"

"ಆಗ ನಾನು ಮಂಗಳೂರಿನಲ್ಲಿದ್ದೆ. ಹಾಲೆಂಡ್ ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಲ್ಲ."

ಹೆಂಗಸು ನಗಲಿಲ್ಲ. ಅಡುಗೆಮನೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ವೇಡರ್ಸ್ ತೆಗೆದುಕೊಟ್ಟಳು. ಶರ್ಮಿಳಾ ಒಳಗಿನ ಹೊಲಿಗೆಗಳನ್ನೆಲ್ಲ ಬೆರಳಿನಿಂದ ತಡವಿ ನೋಡಿದಳು. ಒಂದು ಕಡೆಯೂ ಟೇಪು ಎದ್ದಿರಲಿಲ್ಲ. ಬೆಲ್ಟ್ ಹೊಸದರಂತೆಯೇ ಇತ್ತು. ತೊಟ್ಟು ನಿಂತರೆ ಅವಳ ಅಳತೆ ತೆಗೆದೇ ಹೊಲಿದಂತಿತ್ತು. ಆಗ ಟ್ರೂಡಿ ಕಷ್ಟಪಟ್ಟು ನೆಲಕ್ಕೆ ಕೂತು, ಅವಳ ಬಲಮಂಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬಟ್ಟೆಯ ಮೇಲೆ ಅಂಗೈ ಆಡಿಸಿದಳು. ಮತ್ತೆ ಮತ್ತೆ ಆಡಿಸಿದಳು.

"ಏನೂ ಇಲ್ಲ," ಎಂದಳು, ತನಗೆ ತಾನೇ ಎಂಬಂತೆ.

ತೂತು ಇಲ್ಲ ಎಂದು ತೋರಿಸುತ್ತಿದ್ದಾಳೆ ಎಂದುಕೊಂಡಳು ಶರ್ಮಿಳಾ. "ಹೌದು, ಚೆನ್ನಾಗಿ ಇಟ್ಟಿದ್ದೀರಿ."

"ಈಜು ಬರುತ್ತದೆಯೇ?"

"ಬರುತ್ತದೆ. ಹೊಳೆಬದಿಯಲ್ಲಿ ಹುಟ್ಟಿದವಳು."

ಹೇಳಿದ ಬೆಲೆಯಲ್ಲಿ ಅರ್ಧವನ್ನಷ್ಟೇ ಆಕೆ ತೆಗೆದುಕೊಂಡಳು. ಹೊರಡುವಾಗ ಶರ್ಮಿಳಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಡದೆ ನಿಂತಳು. ಬಿಸಿಯಿದೆಯೋ ಇಲ್ಲವೋ ಎಂದು ನೋಡುವವರ ಹಿಡಿತ ಅದು. ಒಂಟಿ ಹೆಂಗಸು, ಪಾಪ, ಎಂದುಕೊಂಡು ಶರ್ಮಿಳಾ ಕಾರು ಹತ್ತಿದಳು.

ಮುಂದಿನ ಶನಿವಾರ ಹೊಲದ ಮೇಲೆಲ್ಲ ಮಂಜು ಕವಿದಿತ್ತು. ಕಾರಿನ ಪಕ್ಕ ಕೂತು ಎರಡೆರಡು ಕಾಲುಚೀಲ ಏರಿಸಿ, ಬೂಟಿನ ಉದ್ದನೆಯ ಲೇಸು ಕಟ್ಟಿಕೊಳ್ಳುವುದರಲ್ಲಿ ಶರ್ಮಿಳಾ ತಡಮಾಡಿದಳು. ಕರಿಯಪ್ಪ ಮುಂದೆ ಹೋದ. ಹೊಲದ ಕಾಲುದಾರಿ ಹಿಡಿದು, ಮುಳ್ಳುತಂತಿಯ ಬೇಲಿಗೆ ಇಟ್ಟಿದ್ದ ಮರದ ಮೆಟ್ಟಿಲು ಹತ್ತಿಳಿದು ಅವಳು ನದಿ ಮುಟ್ಟುವಾಗ ಮೈಯಲ್ಲಿ ಬೆವರಿನ ಹನಿಯಿರಲಿಲ್ಲ. ಅದೇ ಸಂತೋಷದಲ್ಲಿ, "ಕರಿಯಪ್ಪಣ್ಣ, ಇದು ಭಾರೀ ಲಾಯ್ಕುಂಟು!" ಎಂದು ಕೂಗಿದಳು.

ಕರಿಯಪ್ಪ ನೀರಿನತ್ತ ಮುಖ ಮಾಡಿ ನಿಂತಿದ್ದ. ದನಿ ಕೇಳಿ ಗಕ್ಕನೆ ತಿರುಗಿದ. ಅವಳನ್ನು ನೋಡಿದ, ಮತ್ತೆ ನೀರನ್ನು ನೋಡಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ನೀನು... ಈಗ ಬಂದ್ಯಾ?"

"ಮತ್ತೆ? ಲೇಸು ಕಟ್ಟಿ ಕಟ್ಟಿ ಕೈ ಮರಗಟ್ಟಿ ಹೋಯ್ತು."

"ನೀನು ಇಲ್ಲಿದ್ದೆ ಶರ್ಮಿಳಾ. ಇಲ್ಲೇ."

ಅವನು ತೋರಿಸಿದ್ದು ಹಳೆಯ ದೋಣಿಗಟ್ಟೆಯನ್ನು. ಹಿಂದೆ ಬೆಲ್ಜಿಯಂ ದಡಕ್ಕೆ ದೋಣಿ ದಾಟಿಸುತ್ತಿದ್ದ ಕಾಲದ್ದು. ಕಲ್ಲು ಹಾಸಿದ ಇಳಿಜಾರು ನೀರಿನೊಳಗೆ ಹಾಗೇ ಇಳಿದು ಕಣ್ಮರೆಯಾಗುತ್ತಿತ್ತು.

"ನಾನು ಬರೋವಾಗಲೇ ನೀನು ಇಳೀತಾ ಇದ್ದೆ. ಇದೇ ಜಡೆ, ಇದೇ ಹಸಿರು. ಯಾವ ದಾರೀಲಿ ನನ್ನ ದಾಟ್ಕೊಂಡು ಬಂದ್ಳಪ್ಪಾ ಅಂದ್ಕೊಂಡೆ. ಅಷ್ಟು ಮುಂದೆ ಹೋಗ್ಬೇಡ ಅಂತ ಕೂಗ್ದೆ, ನಿನಗೆ ಕೇಳಿಸ್ಲೇ ಇಲ್ಲ. ಸೊಂಟದವರೆಗೂ ನೀರು ಬಂತು. ಇನ್ನೊಂದು ಹೆಜ್ಜೆ ಇಟ್ಟೆ... ಅಷ್ಟೇ. ಒಂದು ಗುಳ್ಳೆನೂ ಏಳ್ಲಿಲ್ಲ."

"ತಮಾಷೆ ಮಾಡ್ಬೇಡಿ."

"ಅಯ್ಯಪ್ಪನಾಣೆ." ಅವನು ಅವಳ ಕಾಲನ್ನೇ ನೋಡಿದ. "ಮಂಡಿಗೆ ಏನೋ ಕಿತ್ತಳೆ ಬಣ್ಣದ್ದು ಅಂಟಿಸ್ಕೊಂಡಿದ್ದೆ. ಬಲಮಂಡಿಗೆ. ಅದೆಲ್ಲಿ?"

ಅವಳ ಮಂಡಿ ಸ್ವಚ್ಛ ಹಸಿರಾಗಿತ್ತು. ನದಿ ಕಲ್ಲುಗಳ ಮೇಲೆ ಗುಣುಗುಡುತ್ತ ಹರಿಯುತ್ತಿತ್ತು. ಎದುರು ದಡದಲ್ಲಿ ಒಂದು ಬಕ ಬೂದು ಕೋಲಿನಂತೆ ನಿಂತಿತ್ತು. ಆ ದಿನ ಯಾರಿಗೂ ಗಾಳ ಎಸೆಯುವ ಮನಸ್ಸಾಗಲಿಲ್ಲ.

ಹಿಂದಿರುಗುವಾಗ ಶರ್ಮಿಳಾ ಬೇಲಿಯ ಮೆಟ್ಟಿಲ ಮೇಲೆ ಜಾರಿದಳು. ಪರ್‌ ಎಂದು ಸದ್ದಾಯಿತು. ಮುಳ್ಳುತಂತಿ ಬಲಮಂಡಿಯ ಬಟ್ಟೆಯನ್ನು ಬೆರಳುದ್ದ ಸೀಳಿತ್ತು. ಹೊಸದಾಗಿ ಕೊಂಡ ವಸ್ತು ಹಾಳಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಕರಿಯಪ್ಪ ಕಾರಿನ ಡಿಕ್ಕಿಯಿಂದ ಅಂಟೂ ಕತ್ತರಿಯೂ ತೆಗೆದ. ತನ್ನ ಟೆಂಟಿಗೆ ತೇಪೆ ಹಾಕಲು ಇಟ್ಟುಕೊಂಡಿದ್ದ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಅಂಟು ಬಳಿದು, ಮಂಡಿಯ ಮೇಲೆ ಒತ್ತಿ ಹಿಡಿದ. ಹಿಡಿದವನ ಕೈ ಹಾಗೇ ನಿಂತಿತು. ಬಟ್ಟೆ ಕಿತ್ತಳೆ ಬಣ್ಣದ್ದು.

"ಬೇರೆ ಬಣ್ಣದ್ದು ಇಲ್ವಾ?" ಶರ್ಮಿಳಾ ಪಿಸುದನಿಯಲ್ಲಿ ಕೇಳಿದಳು.

"ಇಲ್ಲ," ಎಂದ ಕರಿಯಪ್ಪ. ಅಂಟು ಆಗಲೇ ಒಣಗಿತ್ತು.

ಮನೆಗೆ ಬಂದು ಶ್ರೀಜಿತ್‌ನಿಗೆ ಎಲ್ಲ ಹೇಳಿದಳು. ಅವರ ಮನೆಮಾತು ತುಳು. ತುಳುವಿನಲ್ಲಿ ಹೇಳುವಾಗ ಅದು ಇನ್ನಷ್ಟು ನಿಜವೆನಿಸಿತು.

"ಕುಲೆ ಅಂದರೆ ಸತ್ತವರ ಪ್ರೇತ ಅಲ್ವಾ?" ಎಂದು ಕೇಳಿದಳು. "ಬದುಕಿರುವವಳ ಕುಲೆ ಎಲ್ಲಾದರೂ ಉಂಟಾ?"

"ಮಂಜು ಮಾರಾಯ್ತಿ. ಮಂಜಿನಲ್ಲಿ ಮರವೂ ಮನುಷ್ಯನ ಹಾಗೆ ಕಾಣ್ತದೆ," ಎಂದ ಶ್ರೀಜಿತ್. "ಇದನ್ನು ಊರಿಗೆ ಫೋನ್ ಮಾಡಿ ಹೇಳ್ಬೇಡ. ಅಮ್ಮ ದೈವದ ಹತ್ತಿರ ಕೇಳಿಸ್ತಾರೆ, ದೈವ ನಾಳೆಯೇ ಟಿಕೆಟ್ ತೆಗಿ ಅಂತದೆ." ನಗಿಸಲು ಹೇಳಿದನೇ ಹೊರತು ಅವನೂ ನಗಲಿಲ್ಲ. ವೇಡರ್ಸನ್ನು ಬಚ್ಚಲಿನಿಂದ ತೆಗೆದು ಹಿತ್ತಲಿನ ಶೆಡ್ಡಿನಲ್ಲಿ ತೂಗುಹಾಕಿ ಬಂದ.

ಅವಳಿಗೆ ಟ್ರೂಡಿಯ ಮುಖ ಮರೆಯಲಾಗಲಿಲ್ಲ. ಭಾನುವಾರ ಫೋನ್ ಮಾಡಿದಳು. ತನ್ನ ಹೆಸರು ಹೇಳಿ, ವೇಡರ್ಸ್ ಕೊಂಡವಳು ಎಂದಳು. ಟ್ರೂಡಿ ಕೇಳಿದ್ದು ಒಂದೇ ಮಾತು:

"ಮಂಡಿಗೆ ತೇಪೆ ಬಿತ್ತಾ?"

ಶರ್ಮಿಳಾ ಹಿತ್ತಲಿನ ಶೆಡ್ಡಿನತ್ತ ನೋಡಿದಳು. "ಬಿತ್ತು," ಎಂದಳು.

"ಬಾ," ಎಂದಳು ಟ್ರೂಡಿ.

ಟ್ರೂಡಿಯ ಅಡುಗೆಮನೆಯಲ್ಲಿ ಕೂತು ಅವಳು ಕೇಳಿದ ಕಥೆ ಇದು. ಆರು ವರ್ಷದ ಹಿಂದೆ, ಗಂಡ ತೀರಿಕೊಂಡ ಮರುವರ್ಷ, ಟ್ರೂಡಿ ಮನೆಯಲ್ಲಿ ಕೂರಲಾರದೆ ಗಾಳ ಹಿಡಿದಿದ್ದಳು. ಹಸಿರು ವೇಡರ್ಸ್ ಆಗ ಹೊಚ್ಚ ಹೊಸದು. ಚಳಿಗಾಲದ ಒಂದು ಮಧ್ಯಾಹ್ನ ದೋಣಿಗಟ್ಟೆಯ ಹತ್ತಿರ ನಿಂತಿದ್ದಾಗ, ತನ್ನದೇ ಥರದ ವೇಡರ್ಸ್ ತೊಟ್ಟ ಒಬ್ಬ ಹೆಂಗಸು ಕಲ್ಲಿನ ಮೇಲೆ ಇಳಿಯುವುದು ಕಂಡಿತು. ಗೋಧಿ ಮೈಬಣ್ಣ, ಕಪ್ಪು ಜಡೆ, ಬಲಮಂಡಿಯ ಮೇಲೆ ದುಂಡಗಿನ ಕಿತ್ತಳೆ ತೇಪೆ. ನೀರು ಸೊಂಟಕ್ಕೆ ಬಂದಾಗ ಅವಳು ಒಮ್ಮೆ ತಿರುಗಿ ಟ್ರೂಡಿಯನ್ನೇ ನೋಡಿದಳು. ಏನೋ ಕೂಗಿದಳು. ಬಾಯಿ ತೆರೆದದ್ದು ಕಂಡಿತು, ದನಿ ಕೇಳಲಿಲ್ಲ. ಮುಂದಿನ ಹೆಜ್ಜೆಗೆ ಮುಳುಗಿಹೋದಳು.

"ನಾನು ಓಡಿದೆ," ಎಂದಳು ಟ್ರೂಡಿ. "ನದಿಯ ಹತ್ತಿರ ಫೋನು ಸಿಗುವುದಿಲ್ಲ. ಏರಿಯ ಮೇಲಕ್ಕೆ ಓಡಿ ನೂರಹನ್ನೆರಡಕ್ಕೆ ಕರೆ ಮಾಡಿದೆ. ಅಗ್ನಿಶಾಮಕದವರು ಬಂದರು, ಮುಳುಗುಗಾರರು ಬಂದರು, ಹೆಲಿಕಾಪ್ಟರೂ ಬಂತು. ಕತ್ತಲಾಗುವವರೆಗೂ ಹುಡುಕಿದರು. ಯಾರೂ ಇಲ್ಲ. ಯಾರೂ ಕಾಣೆಯಾಗಿಯೂ ಇರಲಿಲ್ಲ. ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಎಂದರು. ಯಾರೂ ಎದುರಿಗೆ ಹೇಳಲಿಲ್ಲ. ಆದರೆ ಬೇಕರಿಯಲ್ಲಿ ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಈಗಲೂ ನಿಲ್ಲುತ್ತದೆ."

"ಮತ್ತೆ ನನಗೆ ಯಾಕೆ ಮಾರಿದಿರಿ?"

"ನೀನು ಬಾಗಿಲಲ್ಲಿ ನಿಂತಾಗ ಪ್ರಾಣ ಹೋದ ಹಾಗಾಯಿತು. ಆದರೆ ಮಂಡಿಯಲ್ಲಿ ತೇಪೆ ಇರಲಿಲ್ಲ. ತೂತೇ ಇಲ್ಲದ ಕಡೆ ತೇಪೆ ಎಲ್ಲಿಂದ ಬರಬೇಕು? ಇವಳು ಬೇರೆ, ಅವಳು ಬೇರೆ ಅಂತ ಅಂದುಕೊಂಡೆ. ಹಾಗೆ ಅಂದುಕೊಳ್ಳಲೇಬೇಕಿತ್ತು ನನಗೆ." ಆಕೆ ತನ್ನ ಕೈಗಳನ್ನೇ ನೋಡಿಕೊಂಡಳು. "ಓಡಬಾರದಿತ್ತು. ನಾನು ನೀರಿಗೆ ಇಳಿಯಬೇಕಿತ್ತು. ಈ ಆರು ವರ್ಷ ದಿನವೂ ಅದೇ ಯೋಚನೆ. ಅವಳು ನನ್ನನ್ನು ಕರೆದಳು, ನಾನು ಬೆನ್ನು ಹಾಕಿ ಓಡಿದೆ."

ಮುಳುಗಿದವಳು ತಾನೇ ಆಗಿದ್ದರೆ, ಯಾರು ಯಾರಿಗೆ ಸಮಾಧಾನ ಹೇಳಬೇಕು?

ವೇಡರ್ಸನ್ನು ಹಿಂದೆ ಕೊಡು, ಹಿತ್ತಲಿನಲ್ಲಿ ಸುಟ್ಟುಬಿಡೋಣ ಎಂದಳು ಟ್ರೂಡಿ. ಶರ್ಮಿಳಾ ಒಪ್ಪಲಿಲ್ಲ. ಬಟ್ಟೆಯ ತಪ್ಪೇನು, ಕೆಟ್ಟದ್ದು ಆ ಜಾಗ ಎಂದಳು. ಮನಸ್ಸಿನೊಳಗೆ ಇನ್ನೊಂದು ಕಾರಣವೂ ಇತ್ತು. ಈ ದೇಶದಲ್ಲಿ ಬಟ್ಟೆ, ಚಪ್ಪಲಿ, ಕುರ್ಚಿ, ಅಡುಗೆಕಟ್ಟೆ, ಯಾವುದೂ ಅವಳ ಅಳತೆಗೆ ಇರಲಿಲ್ಲ, ಇದೊಂದು ಇತ್ತು. ದೋಣಿಗಟ್ಟೆಯ ಹತ್ತಿರ ಸುಳಿಯುವುದಿಲ್ಲ ಎಂದು ಟ್ರೂಡಿಯ ಕೈಮುಟ್ಟಿ ಮಾತು ಕೊಟ್ಟು ಬಂದಳು.

ಮಾತಿನಂತೆ ನಡೆದಳು ಕೂಡ. ಜನವರಿಯೆಲ್ಲ ಅವರು ಹರಿವಿನಲ್ಲಿ ಇನ್ನೂ ಮೇಲಿರುವ ಊರಿನಿಂದ ನದಿಗೆ ಇಳಿದರು. ಕರಿಯಪ್ಪ ಮೊದಲ ದಿನ ಬ್ರಾಂಡಿಯ ಪುಟ್ಟ ಬಾಟಲಿ ತಂದು, ಊರಿನಲ್ಲಿ ಹಿರಿಯರಿಗೆ ಎಡೆ ಇಡುವಂತೆ ದಡದ ಮೇಲೆ ನಾಲ್ಕು ಹನಿ ಚೆಲ್ಲಿ ಏನೋ ಬೇಡಿಕೊಂಡ. ಏನೂ ಕಾಣಿಸಲಿಲ್ಲ. ಮೊಸಳೆ ಮೂತಿಯ ಸ್ನೂಕ್ ಮೀನು ಶರ್ಮಿಳಾಳ ಗಾಳಕ್ಕೆ ಬಿತ್ತು, ಫೋಟೊ ತೆಗೆದು ಬಿಟ್ಟರು. ಹೆದರಿಕೆ ಹಳೆಯ ಜ್ವರದಂತೆ ಇಳಿಯಿತು.

ಫೆಬ್ರವರಿಯ ಒಂದು ಶನಿವಾರ. ಎರಡು ದಿನದಿಂದ ನದಿಯ ಮೇಲ್ಭಾಗದ ಆರ್ಡೆನ್ ಬೆಟ್ಟಗಳಲ್ಲಿ ಮಳೆ ಎಂದು ಸುದ್ದಿಯಿತ್ತು. ಬೆಳಿಗ್ಗೆ ನೀರು ತಿಳಿಯಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಮಂಜು ದಟ್ಟವಾಯಿತು. ನದಿಯ ನಡುವೆ ಎದ್ದ ಜಲ್ಲಿದಿಣ್ಣೆಯ ಮೇಲೆ ಕರಿಯಪ್ಪ ಗಾಳ ಎಸೆಯುತ್ತ, ಎರಡು ಹೆಜ್ಜೆ ಕೆಳಗಿಳಿಯುತ್ತ, ಮತ್ತೆ ಎಸೆಯುತ್ತ ಹೋದ. ಶರ್ಮಿಳಾ ಚಳಿಗೆ ಸಾಕಾಗಿ ದಡ ಹತ್ತಿದ್ದಳು. ಅವನ ದನಿಯನ್ನು ಹಿಡಿದುಕೊಂಡು ದಡದಗುಂಟ ನಡೆದಳು. ಎಷ್ಟು ದೂರ ಬಂದೆವೆಂದು ಇಬ್ಬರಿಗೂ ತಿಳಿಯಲಿಲ್ಲ.

ನೀರಿನ ಸದ್ದು ಬದಲಾದದ್ದು ಮೊದಲು ಕಿವಿಗೆ ಬಿತ್ತು. ಗುಣುಗುಡುತ್ತಿದ್ದದ್ದು ಗಂಟಲು ದಪ್ಪ ಮಾಡಿಕೊಂಡಿತ್ತು. ಬಗ್ಗಿ ನೋಡಿದರೆ ನೀರು ಕಂದಾಗಿ, ಕಡ್ಡಿ ಕಸ ಹೊತ್ತು ಬರುತ್ತಿತ್ತು.

"ಕರಿಯಪ್ಪಣ್ಣ, ಬನ್ನಿ! ನೀರು ಏರ್ತಾ ಉಂಟು!"

"ಬಂದೇ," ಎಂದು ಕೇಳಿಸಿತು. ದಿಣ್ಣೆಗೂ ದಡಕ್ಕೂ ನಡುವೆ ಬೆಳಿಗ್ಗೆ ಮಂಡಿಯುದ್ದವಿದ್ದ ಕಾಲುವೆಯನ್ನು ಅವನು ದಾಟತೊಡಗಿದ್ದು ಮಸುಕಾಗಿ ಕಂಡಿತು. ನಡುವೆ ಬಂದವನು ತಟ್ಟನೆ ನಿಂತ. ನೀರು ಅವನ ಎದೆಗೆ ಬಂದಿತ್ತು.

"ಕಾಲು ಸಿಕ್ಕಾಕ್ಕೊಂಡಿದೆ! ಕಲ್ಲಿನ ಸಂದೀಲಿ! ಶರ್ಮಿಳಾ..."

ಅವಳು ಓಡಿದಳು. ಹುಲ್ಲು, ಕೆಸರು, ಹುಲ್ಲು. ಆಮೇಲೆ ಕಾಲಿನ ಕೆಳಗೆ ಗಟ್ಟಿಯಾಗಿ, ಸಾಲಾಗಿ, ಕಲ್ಲು. ಕಣ್ಣಿಗಿಂತ ಮೊದಲು ಪಾದಕ್ಕೆ ಗೊತ್ತಾಯಿತು, ತಾನು ನಿಂತದ್ದು ಎಲ್ಲಿ ಎಂದು. ನದಿ ತಿರುಗಿ ತಿರುಗಿ ಅವರನ್ನು ದೋಣಿಗಟ್ಟೆಗೇ ತಂದು ಬಿಟ್ಟಿತ್ತು.

ಹೋಗಬೇಡ ಎಂದಿತು ಮನಸ್ಸು. ಮುಳುಗುವವಳು ನೀನೇ ಎಂದಿತು. ಅಲ್ಲಿ ಹತ್ತು ಮಾರು ದೂರದಲ್ಲಿ ಕರಿಯಪ್ಪನ ತಲೆ ಒಮ್ಮೆ ಒಳಗೆ ಹೋಗಿ ಮೇಲೆ ಬಂತು. ಹೊಟ್ಟೆಗೆ ಬೆಲ್ಟಿಲ್ಲದವನ ವೇಡರ್ಸ್ ತುಂಬುತ್ತಿತ್ತು. ಶರ್ಮಿಳಾ ತನ್ನ ಬೆಲ್ಟನ್ನು ಉಸಿರು ಕಟ್ಟುವಷ್ಟು ಬಿಗಿದು, ಮೀನು ಎತ್ತುವ ಬಲೆಯ ಉದ್ದ ಕೋಲನ್ನು ಮುಂದೆ ಚಾಚಿ, ಇಳಿದಳು.

ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಬಟ್ಟೆಯ ಮೇಲೆ ಅದು ಹತ್ತು ಕೈಗಳಿಂದ ಅಮುಕಿದಂತೆ ಒತ್ತಿತು. ಆಗ ಬೆನ್ನಿನ ಹಿಂದೆ ಯಾರೋ ಇದ್ದಾರೆ ಅನ್ನಿಸಿತು. ತಿರುಗಿದಳು.

ದಡದ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಹಸಿರು ವೇಡರ್ಸ್, ಹೊಸದರ ಹೊಳಪು ಮಾಸದ್ದು. ಕಂದು ಕೂದಲು. ಕೈಯಿಂದ ಗಾಳದ ಕೋಲು ಜಾರುತ್ತಿತ್ತು; ಇನ್ನೊಂದು ಕೈ ಬಾಯಿಯ ಮೇಲಿತ್ತು. ಬಲಮಂಡಿಯ ಮೇಲೆ ಏನೂ ಇರಲಿಲ್ಲ. ಮುಖದಲ್ಲಿ ಸುಕ್ಕು ಕಡಿಮೆ, ಆದರೆ ಮುಖ ಅದೇ. ಆ ಹೆಂಗಸಿನ ಸುತ್ತ ಮಂಜಿರಲಿಲ್ಲ. ಬೇರೆ ಯಾವುದೋ ದಿನದ ತೆಳು ಬಿಸಿಲಿತ್ತು.

"ಟ್ರೂಡಿ!" ಶರ್ಮಿಳಾ ಗಂಟಲು ಹರಿಯುವಂತೆ ಕೂಗಿದಳು. "ಹೆದರ್ಬೇಡಿ! ನಾನು..."

ಹೆಂಗಸಿಗೆ ಕೇಳಲಿಲ್ಲ. ಶರ್ಮಿಳಾಳ ಮುಂದಿನ ಹೆಜ್ಜೆಯ ಕೆಳಗೆ ಕಲ್ಲು ಮುಗಿದಿತ್ತು.

ಕಂದು ಕತ್ತಲು. ಕಿವಿಯೊಳಗೆ ಜಲ್ಲಿ ಉರುಳುವ ಸದ್ದು. ಕೋಲಿನ ತುದಿಯನ್ನು ಏನೋ ಹಿಡಿಯಿತು, ಜಗ್ಗಿತು. ಪ್ರವಾಹ ಅವಳನ್ನು ಎಳೆದ ಬಿರುಸಿಗೆ ಆ ತುದಿಯಲ್ಲಿದ್ದವನ ಕಾಲು ಕಳಚಿರಬೇಕು. ಇಬ್ಬರೂ ಉರುಳಿದರು. ಬೆಲ್ಟಿನ ಕೆಳಗೆ ಸಿಕ್ಕಿಕೊಂಡ ಗಾಳಿ ಅವಳ ಕಾಲುಗಳನ್ನು ಮೇಲೆತ್ತಿತು. ಬಾಯಿ ಹೊರಬಂದಾಗ ಉಸಿರೆಳೆದಳು, ಮುಳುಗಿದಳು, ಮತ್ತೆ ಉಸಿರೆಳೆದಳು. ಬೆನ್ನಿಗೆ ನೆಲ ತಗುಲಿತು. ತಿರುವಿನ ಆಚೆ ಒಂದು ವಿಲ್ಲೋ ಮರದ ಕೆಳಗೆ, ಮೊಣಕಾಲುದ್ದ ನೀರಿನ ಜಲ್ಲಿಯ ಮೇಲೆ ನದಿ ಅವರನ್ನು ಎಸೆದಿತ್ತು. ಕರಿಯಪ್ಪ ಕೈ ಮಂಡಿ ಊರಿ ವಾಂತಿ ಮಾಡುತ್ತಿದ್ದ. ಅವನ ಎಡಗಾಲಿನ ಬೂಟು ಕಲ್ಲಿನ ಸಂದಿಯಲ್ಲೇ ಉಳಿದಿತ್ತು.

"ದಡದಲ್ಲಿ ಯಾರೋ ಇದ್ರು," ಎಂದ ಅವನು, ಮಾತು ಬಂದ ಮೇಲೆ. "ಒಬ್ಳು ಹೆಂಗಸು. ಓಡಿ ಹೋದ್ಳು. ನೋಡಿದ್ಯಾ?"

ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು ದಡ ಹತ್ತಿದರು. ಏರಿಯ ಮೇಲೆ ಯಾರೂ ಇರಲಿಲ್ಲ.

ಅಲ್ಲಿಂದ ಕಾರಿಗಿಂತ ಟ್ರೂಡಿಯ ಮನೆಯೇ ಹತ್ತಿರ. ಬಾಗಿಲು ತೆಗೆದ ಟ್ರೂಡಿ ಅವಳ ಜಡೆಯಿಂದ ಇಳಿಯುವ ನೀರನ್ನೂ ಮಂಡಿಯನ್ನೂ ನೋಡಿ ಗೋಡೆಗೆ ಒರಗಿದಳು.

"ನಾನು ಹೊರಗೆ ಬಂದೆ," ಎಂದಳು ಶರ್ಮಿಳಾ. ಹಲ್ಲು ಕಡಿಯುತ್ತಿದ್ದರಿಂದ ಮಾತು ತುಂಡುತುಂಡಾಯಿತು. "ನೀವು ಓಡಿದ ಮೇಲೆ ಹೊರಗೆ ಬಂದೆ. ಅಷ್ಟೇ. ನಿಮಗೆ ಅದು ಕಾಣಲಿಲ್ಲ. ನಾನು ನಿಮ್ಮನ್ನು ಕರೆದದ್ದು ಹೆದರಬೇಡಿ ಅಂತ ಹೇಳಲಿಕ್ಕೆ."

ಟ್ರೂಡಿ ಬಹಳ ಹೊತ್ತು ಅವಳನ್ನು ತಬ್ಬಿ ನಿಂತಳು. ಆಕೆಯ ಸ್ವೆಟರೆಲ್ಲ ಒದ್ದೆಯಾಯಿತು. ಆಮೇಲೆ ಕಂಬಳಿ ತಂದಳು, ಒಣಬಟ್ಟೆ ತಂದಳು, ಒಲೆಯ ಮೇಲೆ ಬಟಾಣಿ ಸೂಪಿಟ್ಟಳು. ಹಾಗೆ ಓಡಾಡುತ್ತಿದ್ದವಳು ಕರಿಯಪ್ಪನ ಕಾಲು ನೋಡಿ ನಿಂತುಬಿಟ್ಟಳು. ಒಂದು ಕಾಲಿನಲ್ಲಿ ಬೂಟು. ಇನ್ನೊಂದರಲ್ಲಿ ವೇಡರ್ಸಿನ ಮೆತ್ತನೆಯ ಕಾಲುಚೀಲ ಮಾತ್ರ.

"ಬೂಟು ಎಲ್ಲಿ?"

"ನದಿಯೊಳಗೆ," ಎಂದ ಕರಿಯಪ್ಪ.

ಟ್ರೂಡಿ ಯಾರಿಗೋ ಫೋನ್ ಮಾಡಿ, ಅವರೂರಿನ ಆಡುಮಾತಿನಲ್ಲಿ ನಾಲ್ಕೇ ಮಾತಾಡಿದಳು. ಸ್ವಲ್ಪದರಲ್ಲೇ ಸೈಕಲ್ಲಿನಲ್ಲಿ ಒಬ್ಬ ಎತ್ತರದ ಮುದುಕ ಬಂದ. ಹೆಸರು ಹೂಬ್. ಅಗ್ನಿಶಾಮಕ ದಳದಲ್ಲಿ ಮುಳುಗುಗಾರನಾಗಿದ್ದು ನಿವೃತ್ತನಾದವನು. ಆರು ವರ್ಷದ ಹಿಂದೆ ಆ ಮಧ್ಯಾಹ್ನ ನೀರಿಗಿಳಿದು ಹುಡುಕಿದವರಲ್ಲಿ ಒಬ್ಬ. ಟೋಪಿ ತೆಗೆಯದೆ ಬಾಗಿಲಲ್ಲೇ ನಿಂತು, ಕಂಬಳಿ ಹೊದ್ದ ಇಬ್ಬರು ಅಪರಿಚಿತರನ್ನು ಮುಖ ಗಂಟಿಕ್ಕಿ ನೋಡಿದ.

"ಆ ದಿನ ವಿಲ್ಲೋ ಮರದ ಕೆಳಗೆ ನೀನು ಏನು ನೋಡಿದೆ, ಇವರಿಗೆ ಹೇಳು," ಎಂದಳು ಟ್ರೂಡಿ, ಈ ಸಲ ಇಂಗ್ಲಿಷಿನಲ್ಲಿ. "ಒಂದು ಸಲ, ಹಬ್ಬದ ದಿನ ಕುಡಿದಾಗ ನನಗೆ ಹೇಳಿದ್ದೆ. ಆಮೇಲೆ ಹೇಳೇ ಇಲ್ಲ ಎಂದೆ."

ಹೂಬ್ ಬೆನ್ನ ಹಿಂದಿನ ಬಾಗಿಲು ಮುಚ್ಚಿದ. "ಹೆಜ್ಜೆ ಗುರುತು," ಎಂದ ಕೊನೆಗೆ. "ಒದ್ದೆ ಹೆಜ್ಜೆ. ನೀರಿನಿಂದ ಮೇಲಕ್ಕೆ ಬಂದದ್ದು. ಒಂದು ಜೋಡಿ ಸಣ್ಣದು, ಒಂದು ದೊಡ್ಡದು. ನಮ್ಮವರದ್ದೇ ಇರಬೇಕು ಎಂದು ಬಿಟ್ಟುಬಿಟ್ಟೆ."

"ದೊಡ್ಡದು ಹೇಗಿತ್ತು?"

ಹೂಬ್‌ನ ಕಣ್ಣು ನೆಲದ ಮೇಲಿತ್ತು. ಬಾಗಿಲಿನಿಂದ ಒಲೆಯವರೆಗೂ ಬಿಳಿ ಟೈಲ್ಸಿನ ಮೇಲೆ ಕರಿಯಪ್ಪನ ಹೆಜ್ಜೆಗಳು ಇನ್ನೂ ಆರಿರಲಿಲ್ಲ. ಬಲಗಾಲಿನದು ಬೂಟಿನ ಹಲ್ಲುಹಲ್ಲು ಗುರುತು. ಎಡಗಾಲಿನದು ನುಣ್ಣನೆಯ ಒದ್ದೆ ಕಲೆ. ಮುದುಕ ಆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಮತ್ತೆ ಮೊದಲಿನಿಂದ ನೋಡಿದ. "ಹೀಗೇ ಇತ್ತು," ಎಂದ.

ಅವನು ಕುರ್ಚಿ ಎಳೆದು ಕೂತ. ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಟ್ರೂಡಿ," ಎಂದ, "ನಾಳೆ ಬೆಳಿಗ್ಗೆ ಬೇಕರಿಗೆ ನಾನೂ ಬರುತ್ತೇನೆ. ಒಟ್ಟಿಗೆ ಹೋಗೋಣ."

ಟ್ರೂಡಿ ಅವನಿಗೂ ಒಂದು ಬಟ್ಟಲು ಸೂಪು ಬಡಿಸಿದಳು. ಹೊರಗೆ ಮಂಜು ಕಿಟಕಿಯವರೆಗೂ ಬಂದು ನಿಂತಿತ್ತು. ನದಿಯ ಕಡೆಯ ಪರದೆಯನ್ನು ಎಳೆಯಲು ಯಾರೂ ಏಳಲಿಲ್ಲ. ಆದರೆ ಆ ಕಡೆಗೆ ಯಾರೂ ನೋಡಲೂ ಇಲ್ಲ.